ಸೂಪು ಆರುವ ದಿಕ್ಕು

ಚಕಲ್ತಾಯದ ನೆತ್ತಿ. ಇಲ್ಲಿ ನೀರು ಬೇಗ ಕುದಿಯುತ್ತದೆ,
ಆಲೂಗಡ್ಡೆ ಮಾತ್ರ ಬೇಯುವುದಿಲ್ಲ.
ಪ್ರಯೋಗಾಲಯದ ಅಡುಗೆಯವಳು ಎವರಿಸ್ತಾ
ಮುಚ್ಚಳದ ಮೇಲೊಂದು ಕಲ್ಲು ಹೇರಿ ಕಾಯುತ್ತಾಳೆ.

ಗೋಡೆಯಾಚೆ ಕೌಂಟರು ಟಿಕ್ಕೆನ್ನುತ್ತದೆ,
ಮತ್ತೊಂದು ಟಿಕ್, ಆಮೇಲೆ ಒಮ್ಮೆಗೇ ಮೂರು.
ಮೇಲೆಲ್ಲೋ ಹುಟ್ಟಿದ ಮ್ಯುವಾನುಗಳು;
ಆಯಸ್ಸು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಎರಡು.
ದಾರಿಯಲ್ಲೇ ಸಾಯಬೇಕಿತ್ತು.
"ಓಡುವವರ ಹೊತ್ತು ಹಿಗ್ಗುತ್ತದೆ" ಎನ್ನುತ್ತಾನೆ ರೆನಾನ್,
ಪಿಎಚ್‌ಡಿಯ ಮೂರನೇ ವರ್ಷದಲ್ಲಿ
ಆರು ವರ್ಷದಿಂದ ಇರುವ ಹುಡುಗ.

ಬ್ರೆಡ್ಡಿನ ಕಾಗದದ ಮೇಲೆ ಅವನೇ ಲೆಕ್ಕ ಹಾಕಿಕೊಟ್ಟ:
ಕೆಳಗೆ ಕರನಾವಿ ಕಣಿವೆಯಲ್ಲಿ ಕಿತ್ತಳೆ ಮಾರುವ
ಇವಳ ಅವಳಿ ಫ್ಲೋರೆಂಟಿನಾಗಿಂತ
ನಲವತ್ತು ವರ್ಷ ಬೆಟ್ಟದಲ್ಲಿ ಕಳೆದ ಇವಳಿಗೆ
ವಯಸ್ಸು ಹೆಚ್ಚಾಗಿದೆ.
ಎಷ್ಟು?
ನೊಣ ಒಮ್ಮೆ ರೆಕ್ಕೆ ಎತ್ತಿ ಇಳಿಸುವಷ್ಟೂ ಇಲ್ಲ.
"ಅಂತೂ ಅಕ್ಕ ನಾನೇ!" ಎಂದು ನಗುತ್ತಾಳೆ.
ಯಾರು ಮೊದಲು ಹುಟ್ಟಿದ್ದೆಂದು
ಅವರಮ್ಮನಿಗೇ ಮರೆತುಹೋಗಿತ್ತಂತೆ.

ರೆನಾನ್ ಬಿಡುವವನಲ್ಲ. "ಅಂದಮೇಲೆ ಎಲ್ಲರಿಗೂ ಸೇರಿದ
'ಈಗ' ಅಂತ ಒಂದಿಲ್ಲ. ನಿನ್ನೆ, ನಾಳೆ ಎಲ್ಲಾ ಇವೆ,
ನಿನ್ನ ಹೆಗಲ ಅವಾಯೋ ಬಟ್ಟೆಯ ಪಟ್ಟೆಗಳ ಹಾಗೆ.
ಕೆಂಪು ಮುಗಿದ ಮೇಲೆ ಹಳದಿ ಬರುವುದಿಲ್ಲ,
ಇರುತ್ತದೆ."

ಎವರಿಸ್ತಾ ಕೈಚಾಚಿ ಮುಂದೆ ತೋರಿಸುತ್ತಾಳೆ. ಬೋಳು ಬಂಡೆ.
"ಹಿಮನದಿ. ಅಲ್ಲಿತ್ತು."
ಅವಳ ಐಮಾರಾ ನುಡಿಯಲ್ಲಿ ಕಳೆದದ್ದು ಕಣ್ಣ ಮುಂದೆ,
ಕಂಡದ್ದಲ್ಲವೇ ಅದು?
ನಾಳೆ ಬೆನ್ನ ಹಿಂದೆ, ಬಿಚ್ಚಿರದ ಗಂಟು.

ನನ್ನ ನುಡಿ ಇದನ್ನು ತಿರುಗಾಮುರುಗಾ ಹೇಳಿಸುತ್ತದೆ:
ಹಿಂದೆ ಎಂದರೆ ಆಗಿದ್ದು, ಮುಂದೆ ಎಂದರೆ ಆಗುವುದು.
ಆದರೂ ಯಾರಾದರೂ ಕರೆದರೆ, ಕುರ್ಚಿಯಿಂದ ಏಳದೆಯೇ
"ಬಂದೆ" ಎನ್ನುತ್ತೇನೆ.
ಹೊರಟು ನಿಂತವನು "ಬರ್ತೀನಿ" ಎನ್ನುತ್ತೇನೆ.
ನಾನು ಯಾರನ್ನು ತಿದ್ದಲಿ?
ಕಿಟಕಿಯ ಸೂರ್ಯ ಕೂಡ ಎಂಟು ನಿಮಿಷ ಹಳಬ.
ಕಣ್ಣಿಗೆ ಬೀಳುವುದೆಲ್ಲ ಹಳತೇ ಆದರೆ
ಅವಳು ಹೇಳುವುದೇ ಸರಿಯಿದ್ದೀತು.

ರೆನಾನನ ಸಮೀಕರಣ ಎರಡೂ ದಿಕ್ಕಿಗೆ ಓಡುತ್ತದೆ.
ಬಟ್ಟಲಿನ ಸೂಪಿಗೆ ಒಂದೇ ದಿಕ್ಕು ಗೊತ್ತು:
ಇಸಿದುಕೊಂಡ ಬಿಸಿಯನ್ನು
ಗಾಳಿ ಒಮ್ಮೆಯೂ ವಾಪಸು ತಂದದ್ದಿಲ್ಲ.
"ಮಾತು ಸಾಕು. ಆರುತ್ತೆ, ಕುಡಿಯಿರಿ."

ಎರಡು ಕೈಯಲ್ಲೂ ಹಿಡಿದ ಹಂಡೆ;
ಬೆನ್ನಿನಿಂದಲೇ ಬಾಗಿಲು ನೂಕಿ,
ನಮ್ಮನ್ನೇ ನೋಡುತ್ತ
ಎವರಿಸ್ತಾ ಹೊರಗಿನ ಗಾಳಿಗೆ
ಹಿಮ್ಮೆಟ್ಟಿ ಕಾಲಿಡುತ್ತಾಳೆ.