ಬಳಸಿದವರ ತಪ್ಪು

ಚಿಂತಾಮಣಿ ಕಡೆಯ ಏಳೂವರೆ ಬಸ್ಸು ಶಿಡ್ಲಘಟ್ಟದಲ್ಲಿ ಇಳಿಸಿದರೆ
ಮೊದಲು ಎದುರಾಗುವುದು
ಬೆಂದ ಗೂಡಿನ ವಾಸನೆ.
ಹೆಗಲ ಚೀಲದಲ್ಲಿ ಸ್ಕ್ರೂಡ್ರೈವರು, ಮೀಟರು, ಒಂದು ಕಟ್ಟು ಫಾರಂ.
ಮೂರು ತಾಲ್ಲೂಕಿನ ಆಸ್ಪತ್ರೆಗಳಿಗೆ
ಯಂತ್ರ ರಿಪೇರಿಯವನು ನಾನು.

ಕೆಟ್ಟದ್ದಕ್ಕೆ ಕಾರಣ ಬರೆಯಲು ಫಾರಂನಲ್ಲಿ ಒಂದೇ ಸಾಲು.
ಫ್ಯೂಸು ಹೋಗಿದೆ. ವೈರನ್ನು ಇಲಿ ಕಡಿದಿದೆ.
ಎರಡೂ ಅಲ್ಲದಾಗ
ಒಂಬತ್ತು ವರ್ಷ ಬರೆದದ್ದು ಅದೇ ಮಾತು:
ಬಳಸಿದವರ ತಪ್ಪು.
ಕೈ ತಾನಾಗಿ ಬರೆಯುತ್ತಿತ್ತು, ಸಹಿಯ ಹಾಗೆ.

ಹೆಂಗಸರ ವಾರ್ಡಿನ ಔಷಧಿ ಪಂಪಿನ ಮೇಲೆ
ಸದಾ ಒಂದು ತುಂಡು ಬಿಳಿ ಪ್ಲಾಸ್ಟರ್.
ಕಿತ್ತು, ಸ್ಪಿರಿಟ್ಟಿನಲ್ಲಿ ಒರೆಸಿ, ಹೊಳೆಯಿಸಿ ಹೋಗುವೆ.
ಮುಂದಿನ ತಿಂಗಳು ಅದೇ ಜಾಗದಲ್ಲಿ ಇನ್ನೊಂದು,
ನೀಲಿ ಇಂಕಿನಲ್ಲಿ: 'ಇದಲ್ಲ, ಪಕ್ಕದ್ದು'.
ಎಷ್ಟು ಸಲವೋ, ಲೆಕ್ಕ ಇಟ್ಟಿಲ್ಲ.
ಯಂತ್ರ ಹಾಳು ಮಾಡ್ತೀರಲ್ಲ ಸಿಸ್ಟರ್, ಅಂದೆ ಒಂದು ಸಂಜೆ.

ಮುನಿರತ್ನಮ್ಮ ಜಗಳಕ್ಕೆ ಬರಲಿಲ್ಲ.
ಸ್ಟೋರ್ ರೂಮಿಗೆ ಕರೆದರು.
ಕೆಲಸವಿಲ್ಲದೆ ನಿಂತಿದ್ದ ಇನ್ನೊಂದು ಪಂಪಿಗೆ ಬರೀ ನೀರು ತುಂಬಿಸಿ
ನನಗೆರಡು ಗ್ಲೌಸು ಕೊಟ್ಟರು, ಅಳತೆ ಮೀರಿದವು.
ನನ್ನ ಕನ್ನಡಕ ತೆಗೆದು ತಮ್ಮ ಜೇಬಿಗಿಟ್ಟುಕೊಂಡು
ಲೈಟು ಆರಿಸಿದರು.
'ಮೂವತ್ತೆರಡು ಹಾಸಿಗೆಗೆ ಒಬ್ಬಳೇ ನಾನು.
ರಾತ್ರಿ ಎರಡು ಗಂಟೆ ಅಂದ್ಕೊಳ್ಳಿ.
ಏಳನೇ ಬೆಡ್ಡು ವಾಂತಿ, ಹತ್ತನೇದು ಕರೀತಾ ಇದೆ,
ಈ ಪಂಪು ಕೂಗ್ತಾ ಇದೆ. ನಿಲ್ಸಿ ಸಾ.'

ನಿಲ್ಲಿಸಿದೆ.
ಅಂದರೆ, ನಿಲ್ಲಿಸಿದೆ ಅಂದುಕೊಂಡೆ.
ಪಕ್ಕಪಕ್ಕ ಎರಡು ಗುಂಡಿ, ಒಂದೇ ಗಾತ್ರ, ಒಂದೇ ಬೂದು,
ಅವಳಿಗಳಿಗೆ ಒಂದೇ ಅಂಗಿ ತೊಡಿಸಿದ ಹಾಗೆ.
ಒಂದು ನಿಲ್ಲಿಸುತ್ತದೆ, ಇನ್ನೊಂದು ಸುರಿಸುತ್ತದೆ.
ಬಕೆಟ್ಟಿಗೆ ನೀರು ಬಿದ್ದ ಸದ್ದು
ಕತ್ತಲಲ್ಲಿ ಬಹಳ ಹೊತ್ತು ಕೇಳಿಸಿತು.

ಲೈಟು ಹಾಕಿದರು. ಕನ್ನಡಕ ಕೊಟ್ಟರು.
'ಈಗ ಬರ್ಕೊಳ್ಳಿ' ಅನ್ನಲಿಲ್ಲ.
ಅಂದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ವಾರ್ಡಿನ ಮೂಲೆಯಿಂದ ಇನ್ನೊಂದು ಕೂಗು.
ಖೈರುನ್ನಿಸಾ, ಅರವತ್ತೆರಡು, ಉಬ್ಬಸ.
ಬೆರಳು ಕಚ್ಚಿದ ಕ್ಲಿಪ್ಪು ಹೇಳುತ್ತಿದೆ: ಬೆರಳಿಲ್ಲ.
ಕ್ಲಿಪ್ಪು ಬದಲಿಸಿದೆ. ಬೆರಳಿಲ್ಲ.
ನಲವತ್ತು ವರ್ಷ ನೂಲು ಬಿಚ್ಚಿದ ಬೆರಳು ಅದು,
ಕುದಿನೀರಲ್ಲಿ ಗೂಡು ತಡಕಿ
ಕೂದಲಿಗಿಂತ ಸಣ್ಣ ಎಳೆಯ ತುದಿಯನ್ನು
ನೋಡದೆಯೇ ಹಿಡಿದದ್ದು.
ಬೆಂದು, ಸುಲಿದು, ಮತ್ತೆ ಬಲಿತು ಗೊರಸಿನಂತಾಗಿ,
ಮೇಲೆ ಮೊನ್ನೆ ಮೊಮ್ಮಗಳ ಮದುವೆಯ ಮದರಂಗಿ.
'ಆಧಾರಿನವರೂ ಹಿಂಗೇ ಅಂದ್ರು ಬೇಟಾ,'
ಉಸಿರು ಸಿಕ್ಕಷ್ಟರಲ್ಲಿ ಹೇಳಿದಳು,
'ರೇಷನ್ ಅಂಗಡೀಲೂ.
ನನ್ ಬೆರಳು ಯಾವ ಮಿಷನ್ನಿಗೂ ಕಾಣಲ್ಲ.'

ಮುನಿರತ್ನಮ್ಮ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜಿದರು,
ಚಳಿಗೆ ಮಗುವಿನ ಪಾದ ಉಜ್ಜುವ ಹಾಗೆ.
ಬಣ್ಣ ತಾಗದ ಕಿರುಬೆರಳು ಹುಡುಕಿ, ಕ್ಲಿಪ್ಪು ಹಾಕಿ, ಕಾದರು.
ಎಂಬತ್ತಾರು ಅಂತು ಯಂತ್ರ.
ಸಿಲಿಂಡರಿನತ್ತ ಓಡಿದರು.
ನಾನು ಚೀಲದಲ್ಲಿ ಸ್ಪ್ಯಾನರ್ ತಡಕುತ್ತಿದ್ದೆ,
ಅವರ ಸ್ಪ್ಯಾನರ್ ಸಿಲಿಂಡರಿನ ಕತ್ತಿಗೇ
ದಾರ ಕಟ್ಟಿಸಿಕೊಂಡು ತೂಗುತ್ತಿತ್ತು.

ಕೊನೆಯ ಬಸ್ಸು ತಪ್ಪಿತು. ಬೆಂಚಿನ ಮೇಲೆ ಫಾರಂ ಬಿಡಿಸಿ ಕೂತೆ.
ಕಾರಣದ ಸಾಲಿನಲ್ಲಿ 'ಬಳ' ಅಂತ ಬರೆದುಬಿಟ್ಟಿದ್ದೆ, ಹೊಡೆದು ಹಾಕಿದೆ.
ಎರಡು ಗುಂಡಿಯ ಚಿತ್ರ ಬಿಡಿಸಿ, ಸಾಲು ಸಾಲದೆ,
ಹಿಂಬದಿಗೆ ತಿರುಗಿಸಿ ಬೆರಳಿನ ಕಥೆಯನ್ನೂ ಬರೆದೆ.
ಕಂಪನಿಯಿಂದ ಉತ್ತರ ಬಂತು:
ಹಿಂಬದಿಯಲ್ಲಿ ಬರೆಯಬಾರದು.

ಚೀಲದಲ್ಲೀಗ ಪ್ಲಾಸ್ಟರಿನ ಒಂದು ಉಂಡೆಯೂ ಇದೆ.
ಹೋದ ತಿಂಗಳು ಪಂಪಿನ ಮೇಲಿನದು ಉದುರಿತ್ತು.
ಹೊಸದು ಹರಿದು, ಬರೆದು, ನಾನೇ ಅಂಟಿಸಿದೆ.
ಸಿಸ್ಟರ್ ಬಗ್ಗಿ ಓದಿದರು,
ಕಿತ್ತರು.
'ನಿಮ್ಮ ಅಕ್ಷರ ರಾತ್ರಿ ಓದಕ್ಕಾಗಲ್ಲ ಸಾ,' ಅಂದು
ದಪ್ಪಗೆ ತಾವೇ ಬರೆದರು.