ಹೊಸ ತಂತಿ ಮೂರು ದಿನ ನಿಲ್ಲುವುದಿಲ್ಲ

ಹೊಸಬರು ಬಂದರೆ ಹೇಳಬೇಕಾದ ಮಾತು
ನನಗೆ ಬಾಯಿಪಾಠ:
‘ಮೊದಮೊದಲು ನೈಲಾನ್ ಒಳ್ಳೆಯದು,
ಬೆರಳಿಗೆ ಮೆತ್ತಗೆ.
ಉಕ್ಕಿನ ತಂತಿ ಕೊಯ್ಯುತ್ತದೆ,
ವಾರ ಕಳೆಯುವುದರೊಳಗೆ ಗಿಟಾರು ಮಂಚದಡಿ ಸೇರುತ್ತದೆ.’

ಮಿಂಡೆಲೊ ಬಂದರಿನ ಹಿಂದಿನ ಓಣಿಯಲ್ಲಿ
ನ್ಯೋ ಗ್ರೆಗೋರಿಯೊನ ಅಂಗಡಿ.
ಎದುರಿಗೆ ತಂತಿ ಮಾರುವವನು ನಾನು,
ಪರದೆಯಾಚೆ ಅಂಟು ಕಾಯಿಸುತ್ತ ಮುದುಕ.
ನಡುವೆ, ಸಹಾರಾದಿಂದ ಕಡಲು ದಾಟಿ ಬಂದ ಧೂಳು,
ದಿನಕ್ಕೆರಡು ಸಲ ಒರೆಸಿದರೂ
ಪೊಟ್ಟಣಗಳ ಮೇಲೆ ಬಂದು ಕೂರುತ್ತದೆ.

ಝುಲ್ಮಿರಾ ಬಂದದ್ದು ಮಧ್ಯಾಹ್ನ, ಸಂತೆ ಮುಗಿಸಿ.
ಮೊಣಕೈವರೆಗೂ ಬಂಗುಡೆಯ ಹುರುಪೆ.
ಕಂಕುಳಲ್ಲಿ ಗಿಟಾರು,
ಕೋಳಿ ಹಿಡಿದ ಹಾಗೆ.
‘ಹಡಗಿನವನೊಬ್ಬ ಎಂಟು ತಿಂಗಳ ಮೀನಿನ ಸಾಲಕ್ಕೆ
ಇದನ್ನು ಕೊಟ್ಟು ಹೋದ.
ಮಾರಲು ಹೋದರೆ ಯಾರಿಗೂ ಬೇಡ.
ಸರಿ, ಕಲಿತೇಬಿಡೋಣ ಅಂದುಕೊಂಡೆ.
ಐವತ್ತಮೂರು ನನಗೆ. ನಗಬೇಡ.’

ನಗಲಿಲ್ಲ. ಬಾಯಿಪಾಠ ಒಪ್ಪಿಸಿದೆ.

ಅವಳು ಎಡಗೈ ಚಾಚಿ ಗಾಜಿನ ಮೇಲಿಟ್ಟಳು.
ಚೂರಿ ಜಾರಿದ ಬಿಳಿ ಗೆರೆ, ಉಪ್ಪು ತಿಂದ ಉಗುರು,
ಹಗ್ಗ ಉಜ್ಜಿ ಉಜ್ಜಿ
ಬೆರಳ ತುದಿಗೆ ಇನ್ನೊಂದು ತೊಗಲು.
‘ಇದಕ್ಕೆ ಮೆತ್ತಗಿನದು ಯಾಕಪ್ಪ?
ಉಕ್ಕು ಕೊಡು. ಇದ್ದುದರಲ್ಲಿ ದಪ್ಪದ್ದು.
ಗಾಳಿಯ ಮೇಲೆ ಕೂಗಿ ಮೀನು ಮಾರಿದವಳು ನಾನು,
ಪಕ್ಕದ ಮನೆಗೂ ಕೇಳದಿದ್ದರೆ
ಅದೇನು ನುಡಿಸಿದ ಹಾಗೆ?’

ನನ್ನ ಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ.
ಹದಿಮೂರು ಎಂದು ಅಂಕಿ ಬರೆದ ಪೊಟ್ಟಣ
ಕೊಕ್ಕೆಯಿಂದ ಇಳಿಸುತ್ತಿದ್ದೆ.

ಪರದೆ ಸರಿಸಿ ಬಂದ ಮುದುಕ.
ಗಿಟಾರು ಇಸಿದುಕೊಂಡು, ಕಲ್ಲಂಗಡಿ ಕೊಳ್ಳುವವರ ಹಾಗೆ
ಬೆನ್ನು ತಟ್ಟಿ, ದುಂಡು ಬಾಯಿಗೆ ಕಣ್ಣಿಟ್ಟು
ಒಳಗೆ ನೋಡಿ, ಹೇಳಿದ:
‘ನಿನ್ನ ಬೆರಳು ತಡೆದೀತು ತಾಯಿ,
ಇದರ ಎದೆ ತಡೆಯದು.
ತೆಳು ಹಲಗೆ, ಕಡ್ಡಿಯಂಥ ಪಕ್ಕೆಲುಬು.
ಉಕ್ಕು ಬಿಗಿದರೆ ಹೊಟ್ಟೆ ಉಬ್ಬಿ
ಒಂದು ರಾತ್ರಿ ಕುದುರೆಯೇ ಕಿತ್ತುಕೊಂಡು ಓಡುತ್ತದೆ.’

‘ಎಷ್ಟು ಭಾರ ತಡೆದೀತು?’
ದೋಣಿಯ ಬಗ್ಗೆ ಕೇಳುವ ದನಿಯಲ್ಲಿ ಕೇಳಿದಳು.
‘ನೈಲಾನ್ ಆರೂ ಸೇರಿ
ಒಬ್ಬ ಹುಡುಗನನ್ನು ಹೊತ್ತ ಹಾಗೆ.
ಉಕ್ಕಾದರೆ, ಅವನಪ್ಪನನ್ನು.’

ಪೊಟ್ಟಣ ಬಿಚ್ಚಿದೆ.
ಮೊದಲ ಎಳೆ ಬೆಳಕಿಗೆ ಹಿಡಿದು ಗೊಳ್ಳನೆ ನಕ್ಕಳು:
‘ಇದು ಗಾಳದ ದಾರವಲ್ಲವೇನೋ!
ಇದನ್ನೇ ಮಾರುತ್ತೀಯ, ಈ ಬೆಲೆಗೆ?’
ನನ್ನ ಮುಖ ಬಿಸಿಯಾಯಿತು.
‘ಅದರ ಅಕ್ಕ,’ ಎಂದ ಮುದುಕ.
‘ತುದಿಯಿಂದ ತುದಿಗೆ ಒಂದೇ ದಪ್ಪ. ಅದಕ್ಕೇ ದುಡ್ಡು.’

ಕುದುರೆಗೆ ಹಾಕುವ ಗಂಟು ನನಗೆ ಇನ್ನೂ ಸರಿ ಬಾರದು.
ಎರಡು ಸುತ್ತು, ಒಂದು ನುಸುಳು,
ಮೂರು ಸಲಕ್ಕೊಮ್ಮೆ ಜಾರುತ್ತದೆ.
ನೋಡಿದಳು, ನೋಡಿದಳು,
‘ಸರಿ ಅತ್ತ’ ಎಂದು ನನ್ನ ಮೊಣಕೈ ತಳ್ಳಿ
ಎಂಜಲು ಸವರಿ, ಸುತ್ತಿ, ಹಲ್ಲಲ್ಲಿ ಎಳೆದು
ಆರೂ ಗಂಟು ಮುಗಿಸಿದಳು,
ನಾನು ಒಂದು ಬಿರಡೆ ತಿರುವುವ ಮೊದಲು.

ಶ್ರುತಿ ಮಾಡಿದೆ. ಇಳಿಯಿತು. ಮತ್ತೆ ಮಾಡಿದೆ.
‘ಹೊಸ ತಂತಿ ಮೂರು ದಿನ ನಿಲ್ಲುವುದಿಲ್ಲ,’ ಎಂದೆ,
ಇದೊಂದು ಬಾಯಿಪಾಠವಾದರೂ ನಿಜವಾಗಲಿ ಎಂದು.
‘ಹೊಸ ಹಗ್ಗವೂ,’ ಎಂದಳು.

ಎಣಿಸಿಟ್ಟ ಎಸ್ಕುಡೊ ನಾಣ್ಯಗಳು ಒದ್ದೆಯಿದ್ದವು.
ಒಂದರ ಮೇಲೆ ಹುರುಪೆ,
ಇನ್ನೊಂದು ನಾಣ್ಯದ ಹಾಗೆ.

ಮರುದಿನ ಮೀನುಸಂತೆಯ ದಾರಿಯಲ್ಲಿ ಹೋದೆ.
ಬುಟ್ಟಿಗಳ ನಡುವೆ, ಬೋರಲು ಹಾಕಿದ ತೊಟ್ಟಿಯ ಮೇಲೆ ಕೂತು
ಒಂದೇ ತಂತಿ ಮೀಟುತ್ತಿದ್ದಳು.
ಇಳಿದದ್ದು ಗೊತ್ತಾಗಿ, ಬಿರಡೆ ತಿರುವಿ,
ಮತ್ತೆ ಅದೇ ತಂತಿ.
ಗಿರಾಕಿ ಬೆಲೆ ಕೇಳಿದರೆ
‘ತಡಿ’ ಅನ್ನುತ್ತಿದ್ದಳು.

ಆ ಗಾಳಿಯಲ್ಲಿ ನನಗಂತೂ ಏನೂ ಕೇಳಿಸಲಿಲ್ಲ.
ಅವಳ ಕೆನ್ನೆ
ಗಿಟಾರಿನ ಪಕ್ಕೆಗೆ ಆನಿಕೊಂಡಿತ್ತು.