ಆರದ ಚುಕ್ಕಿ

ಬೆಳಗಿನ ಜಾವ ಮೂರೂ ನಲವತ್ತಕ್ಕೆ ಭಟ್ಟಿ ನಿಲ್ಲಿಸಬೇಕಂತೆ,
ಇಪ್ಪತ್ತು ನಿಮಿಷ.
ದಾದಾಪೀರ್ ಸಾಹೇಬರು ಮಗಳ ಮುಖ ನೋಡಿದರು,
ಆಮೇಲೆ ಗಡಿಯಾರ, ಆಮೇಲೆ ನನ್ನನ್ನು.
"ನಮ್ಮಪ್ಪ ತೀರಿದ ದಿನಾನೂ ಮಧ್ಯಾಹ್ನಕ್ಕೆ ಹೊತ್ತಿಸೀವಿ."
ಹೊಟ್ಟು ಸುರಿಯುವುದು ನಿಲ್ಲಿಸಿದೆ.

ಹೊಗೆ ತೆಳ್ಳಗಾದ ಮೇಲೆ ತಾರಸಿ ಹತ್ತಿದೆವು.
ಸಬೀಹಾ ಕಾಲೇಜಿನಿಂದ ತಂದ ದುರ್ಬೀನು,
ಅದರ ಕಾಲು ಅಲುಗದಂತೆ ನಮ್ಮ ಮರಳಿನ ಚೀಲ, ಇನ್ನೂ ಬೆಚ್ಚಗೆ.
ನನ್ನ ಕೆಲಸ: ಫೋನು ನೋಡಿ ಸೆಕೆಂಡು ಕೂಗುವುದು.

ಅದಕ್ಕೆ ಹೆಸರಿಲ್ಲ, ಲಾರಿಗಿದ್ದ ಹಾಗೆ ನಂಬರಷ್ಟೇ.
ನೆಪ್ಚೂನಿನ ಆಚೆ, ಸೂರ್ಯನೇ ಒಂದು ಚುಕ್ಕಿಯಾಗುವಲ್ಲಿ
ತನ್ನ ಪಾಡಿಗೆ ಹೊರಳುವ ಹಿಮದ ಗಡ್ಡೆ.
ಒಂದು ಸುತ್ತಿಗೆ ಇನ್ನೂರ ಎಂಬತ್ತು ವರ್ಷ.
ಕಣ್ಣಿಗೆ ಬೀಳುವುದಲ್ಲ. ಆದರೆ ಈ ರಾತ್ರಿ
ನಕ್ಷತ್ರವೊಂದಕ್ಕೆ ಅಡ್ಡ ಬರುತ್ತದಂತೆ,
ಅದರ ನೆರಳು ದಾವಣಗೆರೆ ಮೇಲೆ ಹಾಯುತ್ತದಂತೆ.
ಚುಕ್ಕಿ ಎಷ್ಟು ಹೊತ್ತು ಆರಿತ್ತೆಂದು ಎಣಿಸಿದರೆ
ಗಡ್ಡೆಯ ಅಗಲ ಸಿಗುತ್ತದೆ.
ನನಗೆ ತಿಳಿಯಿತು: ಬಾಣಲೆ ಎಷ್ಟು ಕಾದಿದೆಯೆಂದು
ನಾನು ಸದ್ದಿನಿಂದ ಹೇಳುತ್ತೇನಲ್ಲ, ಹಾಗೆ.

ಇಪ್ಪತ್ತೆರಡು ವರ್ಷ ಬಿಸಿಮರಳಿನ ಮುಂದೆ ನಿಂತ ಮೈ
ಅಲ್ಲಿ ನಡುಗಿತು.

"ಹನ್ನೊಂದು, ಹನ್ನೆರಡು..."
ಮಿಲ್ಲಿನ ಹಳೇ ಚಿಮಣಿ ಪಕ್ಕದಲ್ಲಿ ಚುಕ್ಕಿ.
"ಮೂವತ್ತು." ಇತ್ತು.
"ನಲವತ್ತು." ಇತ್ತು.
ಹೆದ್ದಾರಿಯಲ್ಲಿ ಯಾವುದೋ ಲಾರಿ ಗೇರು ಬದಲಿಸಿತು.
"ಅರವತ್ತು."
ಇತ್ತು, ಅಲ್ಲೇ, ನಾಚಿಕೆಯಿಲ್ಲದೆ.

ಚಿತ್ರದುರ್ಗದಿಂದ ಫೋನು:
ಜೋಗಿಮಟ್ಟಿ ತಪ್ಪಲಲ್ಲಿ ಅವರಿಗೆ ನಾಲ್ಕು ಸೆಕೆಂಡು ಆರಿತಂತೆ.
ಹಾಗಾದರೆ ನೆರಳಿನ ಅಂಚು ಭರಮಸಾಗರದ ಆಸುಪಾಸು
ಯಾರದೋ ಮೆಕ್ಕೆಜೋಳದ ಹೊಲ ಸವರಿ ಹೋಗಿರಬೇಕು,
ನಾಯಿ ಕೂಡ ಬೊಗಳಿರಲಿಕ್ಕಿಲ್ಲ.

ನಾನು ಪೆಚ್ಚಾದೆ. ಸಬೀಹಾ ಬರೆಯುತ್ತಲೇ ಇದ್ದಳು.
ಏನೂ ಆಗಲಿಲ್ಲವಲ್ಲಮ್ಮ, ಏನು ಬರೀತಿ?
"ಏನೂ ಆಗಲಿಲ್ಲ ಅಂತ.
ಅವರದು ನಾಲ್ಕು, ನಮ್ಮದು ಸೊನ್ನೆ, ನಡುವೆ ಎಲ್ಲೋ ಅದರ ದಡ.
ಸೊನ್ನೆ ಇಲ್ಲದಿದ್ದರೆ
ಅದು ಎಲ್ಲಿಗೆ ಮುಗೀತು ಅಂತ ಯಾರು ಹೇಳಬೇಕು?"

ಕೆಳಗೆ ಸಾಹೇಬರು ಬೆಂಕಿಪೊಟ್ಟಣ ಹಿಡಿದು ನಿಂತಿದ್ದರು.
"ಏನ್ ಕಂಡ್ತೋ ಹಾಲೇಶ?"
"ಮರೆಯಾಗಬೇಕಿತ್ತು ಸಾಹೇಬ್ರ. ಕಂಡೇಬಿಡ್ತು."
"ಇಷ್ಟಕ್ಕ ಇಪ್ಪತ್ತು ನಿಮಿಷ ಹೋತಲ್ಲೋ," ಅಂದರು,
ಕಡ್ಡಿ ಗೀರುವ ಮೊದಲು ಮಾತ್ರ
ಕತ್ತು ಮೇಲೆತ್ತಿ ಒಮ್ಮೆ ನೋಡಿದರು.

ಹೊಟ್ಟು ಸುರಿದೆ. ಮರಳು ಕಾದು ಅಕ್ಕಿ ಚಟಪಟ ಅರಳಿತು.
ಮೊದಲ ಜರಡಿಯಿಂದ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ.
ಉಪ್ಪು ಸ್ವಲ್ಪ ಕಡಿಮೆ.